ಹೆಜ್ಜುಂಕದ ಕಾಲ ಮತ್ತೆ ಬಂತು

2025ರ ಏಪ್ರಿಲ್‌ನಿಂದೀಚೆಗೆ ಕನ್ನಡ ಪತ್ರಿಕೆಗಳ ಮುಖಪುಟವನ್ನು ಒಂದು ಪುಟ್ಟ ಪದ ಹಿಡಿದು ಕೂತಿತು. ಸುಂಕ ಸಮರ, ಪ್ರತಿಸುಂಕ, ಹೆಚ್ಚುವರಿ ಸುಂಕ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಏಪ್ರಿಲ್ 2ರಂದು ಭಾರತದ ಸರಕಿಗೆ ಶೇ 26ರ ದರ ಸಾರಿದರು. ಆಗಸ್ಟ್ 27ಕ್ಕೆ ಅದು ಶೇ 50ಕ್ಕೆ ಏರಿತ್ತು. ಬೇರೆ ಎಷ್ಟೋ ಕಡೆ ಇಂಗ್ಲಿಷ್ ಪದವನ್ನೇ ನುಂಗಿಕೊಳ್ಳುವ ನಮ್ಮ ಸುದ್ದಿಮನೆಗಳಿಗೆ ಇಲ್ಲಿ ಸಾಲ ಬೇಕಾಗಲಿಲ್ಲ. ಮಾತು ಮನೆಯಲ್ಲೇ ಇತ್ತು, ಅದೂ ಸಾವಿರ ವರ್ಷ ಬಳಸಿ ನುಣುಪಾದದ್ದು.

ಸಂಸ್ಕೃತದ ‘ಶುಲ್ಕ’ ಪ್ರಾಕೃತದ ಬಾಯಲ್ಲಿ ಸವೆದು ‘ಸುಂಕ’ವಾಯಿತು. ಕನ್ನಡ ಎರಡನ್ನೂ ಉಳಿಸಿಕೊಂಡು ಕೆಲಸ ಹಂಚಿಕೊಟ್ಟಿತು. ಶಾಲೆಗೆ, ಪರೀಕ್ಷೆಗೆ, ನೋಂದಣಿಗೆ ಕಟ್ಟುವುದು ಶುಲ್ಕ. ದಾರಿಯಲ್ಲಿ ತಡೆದು ಕೇಳುವುದು ಸುಂಕ. ಶುಲ್ಕ ಕಟ್ಟಿದವರಿಗೆ ಏನಾದರೊಂದು ಕೈಗೆ ಬರುತ್ತದೆ. ಸುಂಕ ಕಟ್ಟಿದವರನ್ನು ಮುಂದೆ ಹೋಗಲು ಬಿಡುತ್ತಾರೆ, ಅಷ್ಟೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇಂದಿಗೂ ಬದುಕಿರುವುದು ಅದಕ್ಕೇ.

ಸುಂಕದ ಕಟ್ಟೆಯ ಅತಿ ಸ್ಪಷ್ಟ ಚಿತ್ರ ಇರುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಆ ಗ್ರಂಥ ಮತ್ತೆ ಬೆಳಕಿಗೆ ಬಂದದ್ದೇ ನಮ್ಮ ಮೈಸೂರಿನಿಂದ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅದರ ಪ್ರಕಾರ ಊರ ಮಹಾದ್ವಾರದ ಹತ್ತಿರ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಶುಲ್ಕಶಾಲೆ ಕಟ್ಟಬೇಕು, ಬಾವುಟ ನಿಲ್ಲಿಸಬೇಕು. ನಾಲ್ಕೈದು ಮಂದಿ ಕೂತು ಬರೆದುಕೊಳ್ಳಬೇಕು: ಬಂದವರು ಯಾರು, ಯಾವ ಊರಿನವರು, ಸರಕು ಎಷ್ಟು, ಮುದ್ರೆ ಎಲ್ಲಿ ಬಿದ್ದಿದೆ. ವ್ಯಾಪಾರಿಗಳು ಬಾವುಟದ ಬುಡದಲ್ಲಿ ನಿಂತು ಅಳತೆಯನ್ನೂ ಬೆಲೆಯನ್ನೂ ಕೂಗಿ ಹೇಳಬೇಕು. ಮುದ್ರೆ ಇಲ್ಲದಿದ್ದರೆ ಎರಡು ಪಟ್ಟು, ಕಳ್ಳಮುದ್ರೆ ಇದ್ದರೆ ಎಂಟು ಪಟ್ಟು ದಂಡ. ಹೊರಗಿಂದ ಬರುವ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದನೇ ಒಂದು ಭಾಗ. ಮದುವೆಗೆ, ಯಜ್ಞಕ್ಕೆ, ಹೆರಿಗೆಗೆ ಒಯ್ಯುವ ಸಾಮಾನಿಗೆ ಸುಂಕವಿಲ್ಲ. ನಾಡಿಗೆ ಕೇಡು ತರುವ ಸರಕನ್ನು ತಡೆಯಬೇಕು, ಬಹಳ ಉಪಕಾರವಾಗುವುದನ್ನು, ಸಿಗದ ಬಿತ್ತನೆ ಬೀಜವನ್ನು ಸುಂಕವಿಲ್ಲದೆ ಬಿಡಬೇಕು ಎಂಬ ಮಾತೂ ಅಲ್ಲೇ ಇದೆ. ಬೊಕ್ಕಸ ತುಂಬುವುದೊಂದೇ ಸುಂಕದ ಕೆಲಸವಲ್ಲ ಎಂಬುದು ಆಗಲೇ ತಿಳಿದಿತ್ತು.

ನಮ್ಮ ಶಾಸನಗಳಿಗೆ ಬಂದರೆ ಪದ ಸಂಸಾರಸ್ಥವಾಗುತ್ತದೆ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ಕಲ್ಲುಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಎಂದು ಸುಂಕಗಳ ಸಾಲು ಬರುತ್ತದೆ. ‘ಪಿರಿದು’ ಸೇರಿದ ಸುಂಕ ಪೆರ್ಜುಂಕ, ಮುಂದೆ ಹೆಜ್ಜುಂಕ. ದೊಡ್ಡ ಸರಕಿನ ದೊಡ್ಡ ಸುಂಕ. ಚಿಲ್ಲರೆ ಸರಕಿನ ಸಣ್ಣ ಸುಂಕಕ್ಕೆ ಕಿರುಕುಳ. ಈಗ ಕಿರುಕುಳ ಎಂದರೆ ಏನೆಂದು ಯಾರಿಗೂ ಹೇಳಬೇಕಿಲ್ಲ. ಲೆಕ್ಕ ನಡೆಯುತ್ತಿದ್ದುದು ಹೇರಿನಲ್ಲಿ: ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ. ಅಡಕೆ, ವೀಳ್ಯದೆಲೆ, ಮೆಣಸಿನ ಹೇರುಗಳ ಮೇಲಿನ ಆದಾಯದಲ್ಲಿ ಒಂದಿಷ್ಟನ್ನು ದೇವರ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಹೇರಳ. ಹನ್ನೆರಡನೇ ಶತಮಾನದ ಶರಣರ ಸಾಲಿನಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೇ ಇದ್ದಾನೆ. ಕಾಯಕವೇ ಹೆಸರಾದ ಆ ಕಾಲದಲ್ಲಿ ಎಲ್ಲರೂ ಬೈಯುವ ಕೆಲಸಕ್ಕೂ ಅನುಭಾವದಲ್ಲಿ ಜಾಗ ಸಿಕ್ಕಿತೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ವಿಜಯನಗರದ ಹೊತ್ತಿಗೆ ಸುಂಕ ಗುತ್ತಿಗೆಗೆ ಬಿದ್ದಿತ್ತು. ಈಗಿನ ಹೊಸಪೇಟೆ ಆಗ ನಾಗಲಾಪುರ. ಅಲ್ಲಿನ ಒಂದು ಹೆಬ್ಬಾಗಿಲು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಹೋಗುತ್ತಿತ್ತು, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಕರ್ನಾಟಕದಲ್ಲಿ ಊರಬಾಗಿಲಿನ ಆಕ್ಟ್ರಾಯ್ ಸುಂಕ ಹೋದದ್ದು 1979ರಲ್ಲಿ. 2017ರ ಜಿಎಸ್‌ಟಿ ರಾಜ್ಯದ ಗಡಿಯ ತೆರಿಗೆ ಚೆಕ್‌ಪೋಸ್ಟುಗಳನ್ನು ತೆಗೆಸಿತು. ಹೆದ್ದಾರಿಯ ಟೋಲ್ ಫಾಸ್ಟ್ಯಾಗ್‌ನಲ್ಲಿ ಸದ್ದಿಲ್ಲದೆ ಕಳೆಯುತ್ತದೆ. ಬೆಂಗಳೂರಿನ ಸುಂಕದಕಟ್ಟೆ ಈಗ ಬಸ್ಸಿನ ಬೋರ್ಡಿನ ಮೇಲಿನ ಹೆಸರು.

ಊರೊಳಗೆ ಸತ್ತ ಸುಂಕ ದೇಶದ ಗಡಿಯಲ್ಲಿ ಮಾತ್ರ ಕೊಬ್ಬಿತು. ಮೊದಲು ಅಲ್ಲೂ ಇಳಿಯುವಂತೆ ಕಂಡಿತ್ತು: 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದ ಸೇರಿ ಕಂಪ್ಯೂಟರಿನಂಥ ಸರಕಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸಲು ಒಪ್ಪಿತು. ಆಮೇಲೆ ಮೊಬೈಲ್ ಬಂತು. 2017ರಲ್ಲಿ ಹೊರಗಿನ ಫೋನಿಗೆ ಶೇ 10, ವರ್ಷ ಮುಗಿಯುವಷ್ಟರಲ್ಲಿ ಶೇ 15, 2018ರ ಬಜೆಟ್‌ನಲ್ಲಿ ಶೇ 20. ಭಾರತ ಕೊಟ್ಟ ಮಾತು ತಪ್ಪಿತೆಂದು ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ ದೂರು ಕೊಟ್ಟವು. 2023ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತಜ್ಞ ಸಮಿತಿ ಭಾರತಕ್ಕೆ ವಿರುದ್ಧವಾಗಿ ಹೇಳಿತು. ಅಷ್ಟರಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತಿತ್ತು. ಸುಂಕ ಕಾರ್ಖಾನೆ ತರಬಲ್ಲದು, ಇದನ್ನು ಒಪ್ಪಬೇಕು. ಆದರೆ ಆ ವರ್ಷಗಳಲ್ಲಿ ಹೊರಗಿನ ಫೋನು ಕೊಂಡವರೂ ಅದಕ್ಕೆ ಬೆಲೆ ತೆತ್ತರು. 2024ರ ಜುಲೈ ಬಜೆಟ್ ದರವನ್ನು ಮತ್ತೆ ಶೇ 15ಕ್ಕೆ ಇಳಿಸಿದ್ದು ಸರಿಯಾಗಿಯೇ ಇತ್ತು.

ಸುಂಕವನ್ನು ಪರದೇಶದವರು ಕೊಡುತ್ತಾರೆ ಎಂಬುದು ರಾಜಕಾರಣದ ಹಳೆಯ ಆಶ್ವಾಸನೆ. 2018ರ ಅಮೆರಿಕದ ಸುಂಕಗಳನ್ನು ಅಳೆದು ನೋಡಿದ ಅರ್ಥಶಾಸ್ತ್ರಜ್ಞರಾದ ಮೇರಿ ಅಮಿಟಿ, ಸ್ಟೀಫನ್ ರೆಡ್ಡಿಂಗ್, ಡೇವಿಡ್ ವೈನ್‌ಸ್ಟೀನ್ ಅವರಿಗೆ ಕಂಡದ್ದು ಬೇರೆ: ಹೊರೆ ಹೆಚ್ಚುಕಡಿಮೆ ಪೂರ್ತಿ ಬಿದ್ದದ್ದು ಅಮೆರಿಕದ ಆಮದುದಾರರು ಮತ್ತು ಗ್ರಾಹಕರ ಮೇಲೆ. 2025ರ ಏಪ್ರಿಲ್‌ನಲ್ಲಿ ಸ್ಮಾರ್ಟ್‌ಫೋನುಗಳನ್ನು ಹೊಸ ದರದಿಂದ ಕೈಬಿಟ್ಟದ್ದರಲ್ಲೇ ಈ ಸತ್ಯದ ಒಪ್ಪಿಗೆಯಿದೆ. ನನ್ನ ಆಕ್ಷೇಪ ದರದ ಮೇಲಷ್ಟೇ ಅಲ್ಲ. ಬಾವುಟದ ಬುಡದಲ್ಲಿ ನಿಂತ ವ್ಯಾಪಾರಿಗೆ ಐದನೇ ಒಂದು ಭಾಗವೆಂದು ಮೊದಲೇ ಗೊತ್ತಿರುತ್ತಿತ್ತು. ಹಡಗು ನಡುನೀರಿನಲ್ಲಿರುವಾಗ ದರ ಬದಲಾದರೆ ತಿರುಪ್ಪೂರಿನ ಬನಿಯನ್ ಹೊಲಿಯುವವರು ಯಾವ ಲೆಕ್ಕದ ಮೇಲೆ ಆರ್ಡರ್ ಒಪ್ಪಿಕೊಳ್ಳಬೇಕು? ಹಾಗೆ ಬರುವ ಸುಂಕ ಹೆಜ್ಜುಂಕವೂ ಹೌದು, ಕಿರುಕುಳವೂ ಹೌದು.

ಇನ್ನು ಹೇರೇ ಇಲ್ಲದ ಸರಕಿನ ಮಾತು. ಸಾಫ್ಟ್‌ವೇರ್, ಸಿನಿಮಾ, ಪುಸ್ತಕ ಸಮುದ್ರದಡಿಯ ಕೇಬಲಿನಲ್ಲಿ ಗಡಿ ದಾಟುತ್ತವೆ. 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರು ಇಂಥ ಪ್ರಸಾರಕ್ಕೆ ಸದ್ಯಕ್ಕೆ ಸುಂಕ ಹಾಕುವುದಿಲ್ಲವೆಂದು ಒಪ್ಪಿದರು. ಆ ‘ಸದ್ಯಕ್ಕೆ’ಯನ್ನು 2024ರ ಅಬುಧಾಬಿ ಸಭೆಯವರೆಗೂ ಮತ್ತೆ ಮತ್ತೆ ಮುಂದಕ್ಕೆ ಹಾಕುತ್ತ ಬಂದರು. ಭಾರತ, ದಕ್ಷಿಣ ಆಫ್ರಿಕ, ಇಂಡೊನೇಷ್ಯಗಳಿಗೆ ಇದು ಸಮಾಧಾನ ತಂದಿರಲಿಲ್ಲ. ಬಡ ದೇಶಗಳ ಆದಾಯ ಸೋರುತ್ತಿದೆ, ನಾಳೆ ತಮ್ಮದೇ ಡಿಜಿಟಲ್ ಉದ್ಯಮ ಬೆಳೆಸಲು ಕೈ ಕಟ್ಟಿದಂತಾಗುತ್ತದೆ ಎಂಬುದು ಅವುಗಳ ವಾದವಾಗಿತ್ತು. ಇಂಡೊನೇಷ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2018ರಲ್ಲೇ ತನ್ನ ಸುಂಕದ ಪಟ್ಟಿಯಲ್ಲಿ ಸಾಫ್ಟ್‌ವೇರ್ ಮತ್ತು ಡಿಜಿಟಲ್ ಸರಕಿಗೆ ಬೇರೆ ಅಧ್ಯಾಯ ತೆರೆದಿತ್ತು. ದರದ ಕಾಲಮಿನಲ್ಲಿ ಆಗ ಬರೆದದ್ದು ಸೊನ್ನೆ.