ಮಾಂಟೆಜಿಯಾ ಮುರಿತದ ಚರಿತ್ರೆ

ಮಾಂಟೆಜಿಯಾ ಮುರಿತ: ಮುಂಗೈಯಲ್ಲಿ ಕಿರುಬೆರಳಿನ ಕಡೆಯ ಅಲ್ನಾ ಮೂಳೆ ಮುರಿದು, ಜೊತೆಗೆ ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಯ ತಲೆ ಮೊಣಕೈಯಲ್ಲಿ ಕೀಲು ತಪ್ಪುವ ಅಪರೂಪದ ಗಾಯ. ಮುಂಗೈ ಮುರಿತಗಳಲ್ಲಿ ಇದರ ಪಾಲು ತೀರ ಕಡಿಮೆ. ಸುಶ್ರುತ ಸಂಹಿತೆ ಮೂಳೆ ಮುರಿತವನ್ನು 12 ಬಗೆಯಾಗಿ, ಕೀಲು ತಪ್ಪುವುದನ್ನು 6 ಬಗೆಯಾಗಿ ಬೇರೆ ಬೇರೆ ವಿಂಗಡಿಸಿತ್ತು. ಎರಡೂ ಒಂದೇ ಪೆಟ್ಟಿಗೆ ಕೂಡಿಬರುವ ಈ ಗಾಯವನ್ನು ಮಿಲಾನಿನ ಶಸ್ತ್ರವೈದ್ಯ ಜೊವಾನ್ನಿ ಬಾತಿಸ್ತಾ ಮಾಂಟೆಜಿಯಾ (1762–1815) 1814ರಲ್ಲಿ ವರ್ಣಿಸಿದ. ಹುಡುಗಿಯೊಬ್ಬಳ ಅಲ್ನಾ ಮುರಿದಿದೆಯೆಂದು ಪಟ್ಟಿ ಕಟ್ಟಿದ್ದ ಆತ, ತಿಂಗಳಾದ ಮೇಲೆ ಅದನ್ನು ಬಿಚ್ಚಿ ಕೈ ಚಾಚಿಸಿದಾಗ ಮೊಣಕೈಯ ಮುಂದೆ ಗಟ್ಟಿಯಾದ ಉಬ್ಬು ಕಂಡಿತು. ಅದು ಜಾರಿದ ರೇಡಿಯಸ್‌ನ ತಲೆ. ಮುರಿತ ಸಿಕ್ಕಿತೆಂದು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರೆ ಕೀಲು ಕೈತಪ್ಪುತ್ತದೆ ಎಂಬುದೇ ಈ ಗಾಯದ ಚರಿತ್ರೆಯ ಮುಖ್ಯ ಪಾಠ.

ಆಗ ಎಕ್ಸ್‌ರೇ ಇರಲಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ರಾಂಟ್ಜನ್ 1895ರಲ್ಲಿ ಅದನ್ನು ಕಂಡುಹಿಡಿದ ಮೇಲೂ ಈ ಗಾಯ ಕಣ್ಣುತಪ್ಪುವುದು ನಿಲ್ಲಲಿಲ್ಲ. ಮುರಿದ ಜಾಗವನ್ನಷ್ಟೇ ಹಿಡಿದ ಚಿತ್ರದಲ್ಲಿ ಮೊಣಕೈ ಇರುವುದೇ ಇಲ್ಲ. ಆದ್ದರಿಂದಲೇ ಮಣಿಕಟ್ಟು, ಮೊಣಕೈ ಎರಡೂ ಚಿತ್ರದಲ್ಲಿ ಬರಬೇಕೆಂಬ ನಿಯಮ ಬಂತು. ರೇಡಿಯಸ್‌ನ ಕತ್ತಿನ ನಡುವೆ ಗೆರೆ ಎಳೆದರೆ ಅದು ಯಾವ ಕೋನದ ಚಿತ್ರದಲ್ಲೂ ತೋಳಿನ ಮೂಳೆಯ ಹೊರಬದಿಯ ದುಂಡು ತುದಿಯನ್ನು ಹಾಯಬೇಕು. ಹಾಯದಿದ್ದರೆ ಕೀಲು ತಪ್ಪಿದೆ ಎಂದೇ ಶಂಕಿಸಬೇಕು. ಉರುಗ್ವೆಯ ಹೊಸೆ ಲೂಯಿಸ್ ಬಾದೊ 1967ರ ಲೇಖನದಲ್ಲಿ ಈ ಗಾಯವನ್ನು ನಾಲ್ಕು ಬಗೆ ಮಾಡಿದರು: ತಲೆ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಜಾರುವ ಮೂರು, ಎರಡೂ ಮೂಳೆ ಮುರಿದು ತಲೆ ಮುಂದಕ್ಕೆ ಜಾರುವುದು ನಾಲ್ಕನೆಯದು. ಮಕ್ಕಳಲ್ಲಿ ಮೊದಲನೆಯದೇ ಹೆಚ್ಚು.

ಬೆಂಗಳೂರಿನಲ್ಲಿ ಈ ಪಾಠಕ್ಕೆ ವಿಶೇಷ ತೂಕವಿದೆ. ಇಲ್ಲಿ ಒಂದು ಕಡೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಇದೆ. ಇನ್ನೊಂದು ಕಡೆ ಆಂಧ್ರದ ಪುತ್ತೂರಿನ ಹೆಸರಿನ ನಾಟಿ ಮೂಳೆಕಟ್ಟಿನ ಫಲಕಗಳೂ ಊರಿನಲ್ಲಿ ಕಾಣುತ್ತವೆ. ಬಿದಿರಿನ ದಬ್ಬೆ ಇಟ್ಟು ಕಟ್ಟಿದ ಸರಳ ಮುರಿತ ಕೂಡಿಕೊಳ್ಳುವುದುಂಟು, ಜನರ ನಂಬಿಕೆಗೆ ಅದೇ ಆಧಾರ. ಆದರೆ ಅಲ್ನಾ ಕೂಡಿದ ಮಾತ್ರಕ್ಕೆ ಕೀಲು ಕೂಡುವುದಿಲ್ಲ. ಹಾಗೆಂದು ತಪ್ಪನ್ನೆಲ್ಲ ನಾಟಿ ಕಟ್ಟಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ತಪ್ಪಿದ ಕೀಲನ್ನು ಮೊದಲು ಕಾಣದೆ ಹೋದ ಮಾಂಟೆಜಿಯಾ ನುರಿತ ಶಸ್ತ್ರವೈದ್ಯನೇ ಆಗಿದ್ದ. ಅಪರೂಪದ ಗಾಯಕ್ಕೆ ಇಷ್ಟು ಎಚ್ಚರ ಏಕೆ ಎಂಬ ಪ್ರಶ್ನೆಗೆ ಚಿಕಿತ್ಸೆಯಲ್ಲೇ ಉತ್ತರವಿದೆ. ಮಗುವಿನಲ್ಲಿ ಆರಂಭದಲ್ಲೇ ಗುರುತಿಸಿದರೆ ಅಲ್ನಾವನ್ನು ನೇರ ಮಾಡಿದೊಡನೆ ರೇಡಿಯಸ್‌ನ ತಲೆ ಸಾಮಾನ್ಯವಾಗಿ ತಾನೇ ಕೀಲಿಗೆ ಮರಳುತ್ತದೆ, ಪ್ಲಾಸ್ಟರ್ ಸಾಕಾಗಬಹುದು. ತಿಂಗಳುಗಳು ಕಳೆದರೆ ಕೂಡಿದ ಅಲ್ನಾವನ್ನೇ ಕತ್ತರಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಬೇಕಾದೀತು. ಒಂದು ಎಕ್ಸ್‌ರೇಯನ್ನು ಮೊಣಕೈವರೆಗೆ ಹಿಗ್ಗಿಸಿ ತೆಗೆಯುವ ಶ್ರಮ ಇದರ ಮುಂದೆ ಏನೂ ಅಲ್ಲ.