ಅಗಸಿತನಕ ಬರಲಿಲ್ಲ

ನಮ್ಮ ಆಫೀಸಿನ ಕನ್ನಡದಲ್ಲಿ ‘ಹಾಸ್ಟೈಲ್’ ಅನ್ನೋ ಪದ ಈಗ ಆರಾಮಾಗಿ ಓಡಾಡುತ್ತೆ. ಮೇಲ್‌ಗೆ ಒಂದೇ ಸಾಲಿನ ಉತ್ತರ ಬಂದರೆ ಸಾಕು, ‘ಯಾಕೋ ಹಾಸ್ಟೈಲ್ ಆಗಿದಾನೆ’ ಅಂತೀವಿ. 2019ರಲ್ಲಿ ಎಲ್ ಅಂಡ್ ಟಿ ಕಂಪನಿ ಬೆಂಗಳೂರಿನ ಮೈಂಡ್‌ಟ್ರೀಯನ್ನು ಅದರ ಸ್ಥಾಪಕರು ಬೇಡ ಅಂದರೂ ಕೈವಶ ಮಾಡಿಕೊಂಡಾಗ ಪೇಪರಿನ ತುಂಬ ‘ಹಾಸ್ಟೈಲ್ ಟೇಕೋವರ್’ ಅನ್ನೋದೇ ಸುದ್ದಿ. ಕೋರ್ಟಿನಲ್ಲಿ ಸಾಕ್ಷಿಯೂ ಹಾಸ್ಟೈಲ್ ಆಗ್ತಾನೆ. ಆದರೆ ಎದುರು ಪಾರ್ಟಿಯ ಸಾಕ್ಷಿಯನ್ನು ಯಾರೂ ಹಾಗೆ ಕರೆಯೋದಿಲ್ಲ. ನಾವೇ ಕರೆತಂದವನು ತಿರುಗಿಬಿದ್ದರೆ ಮಾತ್ರ ಆ ಹೆಸರು.

ಪದದ ಬೇರಿನಲ್ಲೇ ಈ ಗುಣ ಇದೆ. ಲ್ಯಾಟಿನ್ನಿನ ‘ಹೋಸ್ಟಿಸ್’ ಅಂದರೆ ಮೊದಲು ಹೊರಗಿನಿಂದ ಬಂದವ, ಆಮೇಲೆ ವೈರಿ. ಇಂಗ್ಲಿಷಿನ ‘ಗೆಸ್ಟ್’, ‘ಹೋಸ್ಟ್’ ಎರಡೂ ಅದೇ ಬಳ್ಳಿಯವು. ಮನೆಗೆ ಬಂದವ, ಬಾ ಅಂದವ, ಹಗೆಯಾದವ ಮೂವರೂ ಭಾಷೆಯ ಲೆಕ್ಕದಲ್ಲಿ ಅಣ್ಣತಮ್ಮಂದಿರು. ‘ಹಾಸ್ಟೈಲ್’ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಗೆ. ಅದೇ ಶತಮಾನದಲ್ಲಿ ಈ ಮೂರೂ ಪಾತ್ರಗಳನ್ನು ನಮ್ಮ ವಿಜಯಪುರದ ಒಬ್ಬ ಸುಲ್ತಾನ ಆಡಿ ತೋರಿಸಿದ್ದ.

1558ರಲ್ಲಿ ಪಟ್ಟಕ್ಕೆ ಬಂದ ಒಂದನೇ ಅಲಿ ಆದಿಲ್ ಶಾಹನಿಗೆ ಅಹಮದ್‌ನಗರದ ಕಾಟ. ವಿಜಯನಗರದ ಸ್ನೇಹ ಬೇಕಿತ್ತು. ಅಷ್ಟರಲ್ಲಿ ಅಳಿಯ ರಾಮರಾಯನ ಮಗನೊಬ್ಬ ತೀರಿಕೊಂಡ. ಅಲಿ ಸುಮಾರು ನೂರು ಕುದುರೆ ಸವಾರರನ್ನಷ್ಟೇ ಕಟ್ಟಿಕೊಂಡು ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂದಳು. ಮೂರು ದಿನ ಅತಿಥಿಯಾಗಿದ್ದು ಹೊರಟ. ಆದರೆ ರಾಮರಾಯ ಊರ ಹೊರಗಿನತನಕ ಬಂದು ಕಳಿಸಿಕೊಡಲಿಲ್ಲ. ಅಲಿ ಏನೂ ಅನ್ನಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡ. ಇದು ಇತಿಹಾಸಕಾರ ಫೆರಿಸ್ತಾ ಬರೆದ ಮಾತು.

ಇಷ್ಟಕ್ಕೇ ಸಿಟ್ಟಾ ಅಂತ ಬೆಂಗಳೂರಿನವರು ಕೇಳಬಹುದು. ನಮ್ಮ ಭೂತನಾಳದಲ್ಲಿ ಯಾರೂ ಕೇಳಲಿಕ್ಕಿಲ್ಲ. ಬೀಗರು ಹೊಂಟರೆ ಅಗಸಿತನಕ, ಈಗಾದರೆ ಬಸ್ಸಿನತನಕ, ಹೋಗಿ ಕಳಿಸಿ ಬರಬೇಕು. ಹೊಸ್ತಿಲಲ್ಲೇ ನಿಂತು ‘ಹೋಗಿ ಬರ್ರಿ’ ಅಂದರೆ ಉಂಡ ಹೋಳಿಗೆಯ ಮಾನವೂ ಹೋಯ್ತು.

ಫೆರಿಸ್ತಾ ವಿಜಯಪುರಕ್ಕೆ ಬಂದದ್ದು 1589ರಲ್ಲಿ, ಘಟನೆಯಾಗಿ ಮೂವತ್ತು ವರ್ಷ ಆದಮೇಲೆ. ಎರಡನೇ ಇಬ್ರಾಹಿಮನ ಆಶ್ರಯದಲ್ಲಿ ಬರೆದವನು. ಹಾಗಾಗಿ ಇದು ನಮ್ಮೂರ ದರಬಾರಿನ ಕಡೆಯ ಕಥೆ ಅನ್ನೋದನ್ನು ಮರೆಯಬಾರದು. ಬರೀ ಆ ಒಂದು ಮುನಿಸಿಗೆ ಯುದ್ಧವೂ ಆಗಲಿಲ್ಲ. ಅಲಿ ಮತ್ತು ರಾಮರಾಯ ಸೇರಿಯೇ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ರಾಯಚೂರು, ಮುದಗಲ್ಲಿನ ಕೋಟೆಗಳ ಜಗಳ ಹಳೆಯದಿತ್ತು. ರಾಮರಾಯನ ಬಲ ಬೆಳೆದಂತೆ ಸುಲ್ತಾನರು ಒಂದಾದರು. ಅಹಮದ್‌ನಗರದ ಹುಸೇನ್ ನಿಜಾಮ ಶಾಹ ತನ್ನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟ. ನಿನ್ನೆಯ ವೈರಿ ಮಾವನಾದ, ನಿನ್ನೆ ಮಗ ಅಂತ ಕರೆದ ಮನೆ ವೈರಿಯಾಯಿತು. 1565ರ ಜನವರಿ 23ರಂದು ಕೃಷ್ಣೆಯ ಆಚೆ ರಾಮರಾಯನ ತಲೆ ಬಿತ್ತು. ಅದನ್ನೇ ನಾವು ತಾಳಿಕೋಟೆ ಯುದ್ಧ ಅಂತೀವಿ.

ವಾಟ್ಸಾಪಿನಲ್ಲಿ ಇದು ಹುಟ್ಟಾ ವೈರಿಗಳ ಕಥೆಯಾಗಿ ಓಡುತ್ತೆ. ನನಗೆ ಒಪ್ಪಿಗೆಯಾಗೋದಿಲ್ಲ. ಆ ದಿನ ಎದುರು ನಿಂತ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನೂ ಪಟ್ಟಕ್ಕೆ ಬರೋ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದವನು. ಕೂಡಿದ ನಾಲ್ವರು ಸುಲ್ತಾನರಲ್ಲಿ ಇಬ್ಬರು ಆ ಊರಿನ ಅನ್ನ ಉಂಡವರು. ಗುರುತಿಲ್ಲದವರ ಜಗಳ ಅಲ್ಲ ಅದು, ಬಳಕೆ ಇದ್ದವರದು. ಹುಟ್ಟಾ ವೈರಿ ಅಂದುಬಿಟ್ಟರೆ ಯಾರು ಎಲ್ಲಿ ತಪ್ಪಿದರು ಅಂತ ಹುಡುಕೋ ಕೆಲಸವೇ ಉಳಿಯೋದಿಲ್ಲ.

ಹಾಸ್ಟೈಲ್‌ಗೆ ನಿಘಂಟಿನಲ್ಲಿ ಹಗೆ, ವೈರ, ಪ್ರತಿಕೂಲ ಎಲ್ಲ ಸಿಗುತ್ತವೆ. ನನಗೆ ಹೆಚ್ಚು ಹತ್ತಿರ ಅನ್ನಿಸೋದು ನಮ್ಮೂರಿನ ‘ಮಾತು ಬಿಟ್ಟಾರ’. ಬಿಡಬೇಕಾದರೆ ಮೊದಲು ಮಾತು ಇದ್ದಿರಬೇಕಲ್ಲ.