ಎಕ್ಸ್‌ಎಫ್‌ಸಿಇ

ಎಕ್ಸ್‌ಎಫ್‌ಸಿಇ ಎಂಬುದು ಲಿನಕ್ಸ್ ಹಾಗೂ ಯುನಿಕ್ಸ್ ಮಾದರಿಯ ಇತರ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಬಳಸಲಾಗುವ ಒಂದು ಮುಕ್ತ ಡೆಸ್ಕ್‌ಟಾಪ್ ಪರಿಸರ. ಗಣಕದ ಪರದೆಯ ಮೇಲೆ ಕಾಣುವ ಮೆನು, ಪಟ್ಟಿ, ಕಿಟಕಿ, ಗಡಿಯಾರ, ಕಡತಕೋಶಗಳ ನೋಟ ಮುಂತಾದವುಗಳನ್ನು ಒದಗಿಸುವ ತಂತ್ರಾಂಶಗಳ ಸಮೂಹವನ್ನು ಡೆಸ್ಕ್‌ಟಾಪ್ ಪರಿಸರ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಇದು ಕಾರ್ಯಾಚರಣ ವ್ಯವಸ್ಥೆಯೊಡನೆ ಬೆಸೆದುಕೊಂಡೇ ಬರುತ್ತದೆ. ಲಿನಕ್ಸ್‌ನಲ್ಲಾದರೋ ಅದು ಬೇರೆಯಾಗಿಯೇ ಇರುವುದರಿಂದ ಒಂದನ್ನು ತೆಗೆದು ಮತ್ತೊಂದನ್ನು ಹಾಕಿಕೊಳ್ಳಲು ಅವಕಾಶವಿದೆ. ಗ್ನೋಮ್ ಮತ್ತು ಕೆಡಿಇ ಪರಿಸರಗಳಿಗೆ ಹೋಲಿಸಿದರೆ ಎಕ್ಸ್‌ಎಫ್‌ಸಿಇ ಸಾಮಾನ್ಯವಾಗಿ ಕಡಿಮೆ ರ‍್ಯಾಮ್ ಬಳಸುತ್ತದೆ. ಹಳೆಯ ಗಣಕಗಳನ್ನು ಮತ್ತೆ ಬಳಕೆಗೆ ತರಬೇಕೆನ್ನುವವರು ಇದನ್ನು ಆಯ್ದುಕೊಳ್ಳಲು ಮುಖ್ಯ ಕಾರಣ ಇದೇ. ಇದರ ಲಾಂಛನ ಒಂದು ಪುಟ್ಟ ಇಲಿ.

ಇತಿಹಾಸ

ಒಲಿವಿಯೆ ಫೂರ್ಡಾನ್ ಅವರು 1996ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಆ ಕಾಲದ ವಾಣಿಜ್ಯ ಯುನಿಕ್ಸ್ ಗಣಕಗಳಲ್ಲಿದ್ದ ಸಿಡಿಇ ಎಂಬ ಡೆಸ್ಕ್‌ಟಾಪ್‌ಗೆ ಸಮಾನವಾದ, ಖರ್ಚಿಲ್ಲದ ಒಂದನ್ನು ಲಿನಕ್ಸ್‌ಗೆ ಒದಗಿಸುವುದು ಅವರ ಉದ್ದೇಶವಾಗಿತ್ತು. ಎಕ್ಸ್‌ಫಾರ್ಮ್ಸ್ ಎಂಬ ಉಪಕರಣಗಳ ಗ್ರಂಥಾಲಯವನ್ನು ಆಧರಿಸಿದ್ದ ಕಾರಣ ಇದಕ್ಕೆ 'ಎಕ್ಸ್‌ಫಾರ್ಮ್ಸ್ ಕಾಮನ್ ಎನ್ವಿರಾನ್‌ಮೆಂಟ್' ಎಂಬ ಹೆಸರಿನ ಮೊದಲಕ್ಷರಗಳು ಬಂದವು. ಆದರೆ ಎಕ್ಸ್‌ಫಾರ್ಮ್ಸ್ ಅಂದು ಮುಕ್ತ ತಂತ್ರಾಂಶವಾಗಿರಲಿಲ್ಲ. ಆ ಕಾರಣದಿಂದಲೇ ರೆಡ್ ಹ್ಯಾಟ್ ತನ್ನ ಲಿನಕ್ಸ್ ವಿತರಣೆಯಲ್ಲಿ ಎಕ್ಸ್‌ಎಫ್‌ಸಿಇಯನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. 1999ರಲ್ಲಿ ಫೂರ್ಡಾನ್ ಅವರು ಜಿಟಿಕೆ ಎಂಬ ಮುಕ್ತ ಗ್ರಂಥಾಲಯವನ್ನು ಬಳಸಿ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆದು, 3ನೆಯ ಆವೃತ್ತಿಯನ್ನು ಜಿಪಿಎಲ್ ಪರವಾನಗಿಯಡಿ ಹೊರತಂದರು. ಎಕ್ಸ್‌ಫಾರ್ಮ್ಸ್ ಹೋಯಿತು, ಅದರ ಹೆಸರಿನ ಅಕ್ಷರಗಳು ಮಾತ್ರ ಉಳಿದವು. ಇಂದು ಆ ಅಕ್ಷರಗಳಿಗೆ ಯಾವ ವಿಸ್ತರಣೆಯೂ ಇಲ್ಲ.

4.0 ಆವೃತ್ತಿ 2003ರಲ್ಲಿ ಬಂದಿತು. 2007ರ 4.4 ಆವೃತ್ತಿಯೊಡನೆ ಥುನಾರ್ ಎಂಬ ಹೊಸ ಕಡತ ನಿರ್ವಾಹಕ ಸೇರಿತು. ಮುಂದಿನ ಬೆಳವಣಿಗೆ ನಿಧಾನ. 2015ರ 4.12 ಆವೃತ್ತಿಗೂ 2019ರ 4.14 ಆವೃತ್ತಿಗೂ ನಡುವೆ ನಾಲ್ಕು ವರ್ಷಕ್ಕಿಂತ ಹೆಚ್ಚು ಅಂತರವಿದೆ. ಇದನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ಆದರೆ ಒಮ್ಮೆ ಕಲಿತ ಮೆನುಗಳು ಮರುವರ್ಷವೇ ಸ್ಥಳ ಬದಲಿಸದಿರುವುದು ಬಳಸುವವರಿಗೆ ಸಣ್ಣ ಅನುಕೂಲವಲ್ಲ. 2011ರಲ್ಲಿ ಗ್ನೋಮ್ ತನ್ನ 3ನೆಯ ಆವೃತ್ತಿಯಲ್ಲಿ ಡೆಸ್ಕ್‌ಟಾಪ್‌ನ ರೂಪವನ್ನೇ ಬದಲಿಸಿದಾಗ ಹಲವರು ಎಕ್ಸ್‌ಎಫ್‌ಸಿಇಯ ಕಡೆಗೆ ಹೊರಳಿದರು. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಅವರೂ ಆಗ ಕೆಲಕಾಲ ಇದನ್ನು ಬಳಸಿ, ಅನಂತರ ಗ್ನೋಮ್‌ಗೆ ಮರಳಿದರು. 2024ರ ಡಿಸೆಂಬರ್‌ನಲ್ಲಿ 4.20 ಆವೃತ್ತಿ ಬಿಡುಗಡೆಯಾಯಿತು.

ಘಟಕಗಳು

ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾದ ಸಣ್ಣ ತಂತ್ರಾಂಶವಿರುವುದು ಇದರ ರಚನೆಯ ವೈಶಿಷ್ಟ್ಯ. ಕಿಟಕಿಗಳ ಚೌಕಟ್ಟು ಮತ್ತು ಚಲನೆಯನ್ನು ಕಿಟಕಿ ನಿರ್ವಾಹಕವೂ, ಮೆನು, ಗಡಿಯಾರಗಳಿರುವ ಪಟ್ಟಿಯನ್ನು ಪ್ಯಾನೆಲ್ ಎಂಬುದೂ, ಕಡತಗಳನ್ನು ಥುನಾರ್ ಸಹ ನೋಡಿಕೊಳ್ಳುತ್ತವೆ. ಬೇಡವಾದ ಘಟಕವನ್ನು ಬಿಟ್ಟು ಉಳಿದವುಗಳನ್ನಷ್ಟೇ ಬಳಸಬಹುದು. ಥುನಾರ್‌ನಲ್ಲಿ ಹಲವು ಕಡತಗಳನ್ನು ಒಟ್ಟಿಗೆ ಆಯ್ದು ಎಫ್2 ಕೀಲಿ ಒತ್ತಿದರೆ ಅವೆಲ್ಲಕ್ಕೂ ಒಂದೇ ಸಲ ಕ್ರಮಸಂಖ್ಯೆಯೊಡನೆ ಹೊಸ ಹೆಸರಿಡುವ ಸೌಲಭ್ಯ ದೊರೆಯುತ್ತದೆ. ಶಾಲಾ ವಾರ್ಷಿಕೋತ್ಸವದ ಇನ್ನೂರು ಛಾಯಾಚಿತ್ರಗಳಿಗೆ ಒಂದೊಂದಾಗಿ ಹೆಸರು ಬರೆದವರು ಇದರ ಬೆಲೆಯನ್ನು ಬಲ್ಲರು.

ಬಳಕೆಯ ಆರಂಭ

ಹೊಸಬರು ಎಕ್ಸ್‌ಎಫ್‌ಸಿಇಯನ್ನು ಪ್ರತ್ಯೇಕವಾಗಿ ತರುವುದಕ್ಕಿಂತ, ಅದನ್ನು ಸೇರಿಸಿಕೊಂಡೇ ಬರುವ ವಿತರಣೆಯೊಂದನ್ನು ಆಯ್ದುಕೊಳ್ಳುವುದು ಸುಲಭ. 2006ರಿಂದ ಬರುತ್ತಿರುವ ಝುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಎಂಎಕ್ಸ್ ಲಿನಕ್ಸ್ ಇವು ಅಂಥವು. ಡೆಬಿಯನ್‌ನಲ್ಲಿ ಅನುಸ್ಥಾಪನೆಯ ವೇಳೆಯಲ್ಲೇ ಇದನ್ನು ಆರಿಸಿಕೊಳ್ಳಬಹುದು.

ವಿತರಣೆಯ ಕಡತವನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಗಣಕವನ್ನು ಚಾಲೂ ಮಾಡಿದರೆ, ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಲು ಸಾಧ್ಯ. ವೈಫೈ, ಧ್ವನಿ, ಮುದ್ರಕ ಈ ಮೂರನ್ನು ಈ ಹಂತದಲ್ಲಿಯೇ ನೋಡಿಕೊಳ್ಳಬೇಕು. ಪೂರ್ಣ ಅನುಸ್ಥಾಪನೆಯಲ್ಲಿ 'ಇಡೀ ಡಿಸ್ಕ್ ಅಳಿಸು' ಎಂಬ ಆಯ್ಕೆಯನ್ನು ಒತ್ತಿದ ಮೇಲೆ ಹಳೆಯ ಕಡತಗಳು ಮರಳಿ ಸಿಗುವ ಭರವಸೆಯಿಲ್ಲ. ಆದುದರಿಂದ ಮೊದಲು ಅವುಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಕಡ್ಡಾಯ.

ಈಗಾಗಲೇ ಬೇರೆ ಡೆಸ್ಕ್‌ಟಾಪ್ ಇರುವ ಲಿನಕ್ಸ್‌ನಲ್ಲಿ ಪ್ಯಾಕೇಜ್ ನಿರ್ವಾಹಕದ ಮೂಲಕ ಎಕ್ಸ್‌ಎಫ್‌ಸಿಇಯನ್ನೂ ಸೇರಿಸಬಹುದು. ಆಗ ಲಾಗಿನ್ ಪರದೆಯಲ್ಲಿ ಗುಪ್ತಪದ ನೀಡುವ ಮುನ್ನ ಸೆಷನ್ ಪಟ್ಟಿಯಿಂದ ಅದನ್ನು ಆರಿಸಬೇಕು. ಹಳೆಯ ಡೆಸ್ಕ್‌ಟಾಪ್ ಹಾಗೆಯೇ ಉಳಿಯುತ್ತದೆ. ಆದರೆ ಎರಡರ ತಂತ್ರಾಂಶಗಳೂ ಒಂದೇ ಮೆನುವಿನಲ್ಲಿ ಬೆರೆತು ಗೊಂದಲವಾಗುವುದುಂಟು.

ರೂಪ ಬದಲಾವಣೆ

ಬಹುತೇಕ ಬದಲಾವಣೆಗಳು 'ಸೆಟ್ಟಿಂಗ್ಸ್ ಮ್ಯಾನೇಜರ್' ಎಂಬ ಒಂದೇ ಕಿಟಕಿಯಿಂದ ಆಗುತ್ತವೆ. ಬಣ್ಣ, ಚಿಹ್ನೆ, ಅಕ್ಷರಗಳ ಗಾತ್ರ 'ಅಪಿಯರೆನ್ಸ್' ವಿಭಾಗದಲ್ಲಿವೆ. ಪ್ಯಾನೆಲ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ಆದ್ಯತೆಗಳನ್ನು ತೆರೆದರೆ, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೋ ಪಕ್ಕಕ್ಕೋ ಸರಿಸಬಹುದು, ಹೊಸ ಅಂಶಗಳನ್ನು ಸೇರಿಸಬಹುದು. ಪಟ್ಟಿ ಕದಲದಿದ್ದರೆ 'ಲಾಕ್ ಪ್ಯಾನೆಲ್' ಗುರುತನ್ನು ತೆಗೆಯಬೇಕು. ವಿಂಡೋಸ್‌ನಿಂದ ಬಂದವರು ಮೇಲಿನ ಪಟ್ಟಿಯನ್ನು ಕೆಳಗಿಟ್ಟು, ಹುಡುಕುವ ಸೌಲಭ್ಯವಿರುವ ವಿಸ್ಕರ್ ಮೆನುವನ್ನು ಅದರ ಎಡತುದಿಗೆ ಸೇರಿಸಿಕೊಂಡರೆ ಅರ್ಧ ಅಪರಿಚಿತತೆ ಕಳೆಯುತ್ತದೆ.

ಕಿಟಕಿಯ ಅಂಚು ತೆಳುವಾಗಿರುವುದರಿಂದ ಅದನ್ನು ಮೌಸಿನಿಂದ ಹಿಡಿಯುವುದು ಕಷ್ಟವೆಂಬ ದೂರು ಹಳೆಯದು. ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಎಡಗುಂಡಿಯಿಂದ ಎಳೆದರೆ ಕಿಟಕಿ ಸರಿಯುತ್ತದೆ, ಬಲಗುಂಡಿಯಿಂದ ಎಳೆದರೆ ಗಾತ್ರ ಬದಲಾಗುತ್ತದೆ. ಅಂಚನ್ನು ಹುಡುಕುವ ಅಗತ್ಯವೇ ಇಲ್ಲ. ಅದೇ ಕೀಲಿಯೊಡನೆ ಮೌಸಿನ ಚಕ್ರವನ್ನು ತಿರುಗಿಸಿದರೆ ಇಡೀ ಪರದೆ ಹಿಗ್ಗುತ್ತದೆ. ವಯಸ್ಸಾದ ಕಣ್ಣುಗಳಿಗೆ ಇದು ಉಪಕಾರಿ. ಗಣಕ ತೀರಾ ನಿಧಾನವಾಗಿದ್ದರೆ 'ವಿಂಡೋ ಮ್ಯಾನೇಜರ್ ಟ್ವೀಕ್ಸ್' ವಿಭಾಗದಲ್ಲಿ ಕಂಪಾಸಿಟರ್ ಅನ್ನು ನಿಲ್ಲಿಸಬಹುದು. ಆಗ ಕಿಟಕಿಗಳ ನೆರಳಿನೊಂದಿಗೆ ಪರದೆ ಹಿಗ್ಗಿಸುವ ಸೌಲಭ್ಯವೂ ಹೋಗುತ್ತದೆಂಬುದು ನೆನಪಿರಲಿ.

ಪ್ರಯೋಗದ ಉತ್ಸಾಹದಲ್ಲಿ ಪ್ಯಾನೆಲ್ ಅಳಿಸಿಹೋದರೂ ಗಾಬರಿಪಡಬೇಕಿಲ್ಲ. ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತಂತ್ರಾಂಶಗಳ ಪಟ್ಟಿ ತೆರೆಯುತ್ತದೆ. ಅಲ್ಲಿಂದ ಪ್ಯಾನೆಲ್ ಆದ್ಯತೆಗಳಿಗೆ ಹೋಗಿ ಹೊಸದನ್ನು ಸೇರಿಸಬಹುದು. 'ಪ್ಯಾನೆಲ್ ಪ್ರೊಫೈಲ್ಸ್' ತಂತ್ರಾಂಶವಿದ್ದರೆ ಒಪ್ಪಿಗೆಯಾದ ವಿನ್ಯಾಸವನ್ನು ಮೊದಲೇ ಉಳಿಸಿಟ್ಟುಕೊಂಡು ಬೇಕಾದಾಗ ಮರಳಿ ಪಡೆಯಲು ಬರುತ್ತದೆ.

ಕನ್ನಡದ ಬಳಕೆ

ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ವಿಭಾಗದಲ್ಲಿ 'ಯೂಸ್ ಸಿಸ್ಟಮ್ ಡಿಫಾಲ್ಟ್ಸ್' ಗುರುತನ್ನು ತೆಗೆದು ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮಾದರಿಯಲ್ಲಿ ಬರೆಯಬಹುದು. ನುಡಿ ತಂತ್ರಾಂಶದಲ್ಲಿ ರೂಢಿಯಾದವರಿಗೆ ಐಬಸ್ ಮತ್ತು ಅದರ ಎಂ17ಎನ್ ಸಂಗ್ರಹದಲ್ಲಿರುವ ಕೆಜಿಪಿ ವಿನ್ಯಾಸ ಹೆಚ್ಚು ಹತ್ತಿರ. ಐಬಸ್ ಹಾಕಿದ ಬಳಿಕ ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಪ್ರವೇಶಿಸಬೇಕಾಗುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಅಕ್ಷರಶೈಲಿಗಳು ಡೆಬಿಯನ್ ಭಂಡಾರದಲ್ಲಿ ಲಭ್ಯ. ನುಡಿ ಅಥವಾ ಬರಹದಲ್ಲಿ ಯೂನಿಕೋಡ್‌ಗೆ ಮುಂಚಿನ ಶೈಲಿಯಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳು ಆಯಾ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತವೆ. ವಿಂಡೋಸ್ ಅಳಿಸುವ ಮೊದಲೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಮಿತಿಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಮುಂತಾದ ಯಂತ್ರಾಂಶ ಇಲ್ಲದ, ಆದರೆ ಇನ್ನೂ ಗಟ್ಟಿಯಾಗಿರುವ ಗಣಕಗಳಿಗೆ ಎಕ್ಸ್‌ಎಫ್‌ಸಿಇ ಒಂದು ಯೋಗ್ಯ ದಾರಿ. ಆದರೆ ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಅದರಲ್ಲಿ ತೆರೆಯುವ ಜಾಲತಾಣಗಳು ಹಗುರವಾಗುವುದಿಲ್ಲ. ಇಂದು ರ‍್ಯಾಮ್‌ನ ಹೆಚ್ಚಿನ ಪಾಲನ್ನು ನುಂಗುವುದು ಬ್ರೌಸರ್. 2 ಜಿಬಿ ರ‍್ಯಾಮ್ ಇರುವ ಗಣಕದಲ್ಲಿ ಬರವಣಿಗೆ, ಲೆಕ್ಕಪತ್ರಗಳು ಸರಾಗವಾಗಿ ನಡೆದರೂ ಬ್ರೌಸರ್‌ನಲ್ಲಿ ಹಲವು ಪುಟಗಳನ್ನು ಒಟ್ಟಿಗೆ ತೆರೆದರೆ ತಡವರಿಸುತ್ತದೆ. 32 ಬಿಟ್ ಸಂಸ್ಕಾರಕದ ಗಣಕಗಳಿಗೆ ಆಯ್ಕೆ ಇನ್ನೂ ಕಡಿಮೆ. 2025ರಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಅನುಸ್ಥಾಪಕವನ್ನು ನೀಡುವುದನ್ನು ನಿಲ್ಲಿಸಿದೆ. ಪರದೆಯ ಚಿತ್ರಣಕ್ಕೆ ಲಿನಕ್ಸ್ ಜಗತ್ತು ಅಳವಡಿಸಿಕೊಳ್ಳುತ್ತಿರುವ ವೇಲ್ಯಾಂಡ್ ವ್ಯವಸ್ಥೆಗೆ 4.20 ಆವೃತ್ತಿಯಲ್ಲಿ ದೊರೆತಿರುವ ಬೆಂಬಲ ಪ್ರಾಯೋಗಿಕವಾದುದು. ಹೊಸಬರು ಸದ್ಯಕ್ಕೆ ಹಳೆಯ ಎಕ್ಸ್11 ಸೆಷನ್ ಅನ್ನೇ ಆರಿಸಿಕೊಳ್ಳುವುದು ಸೂಕ್ತ.